ತೊಳಿಬ್ಯಾಡ, ಒಣಗಲಿ

ಮಕ್ಕಳ ಕೈ ಕೆಸರಾದರೆ ಎಲ್ಲ ತಾಯಂದಿರೂ ಹೇಳುವುದು ಒಂದೇ ಮಾತು, ಹೋಗಿ ತೊಳೆದುಕೊಂಡು ಬಾ ಎಂದು. ನಾನೂ ನನ್ನ ಮಕ್ಕಳಿಗೆ ಹೇಳಿದ್ದೇನೆ, ಈಗ ಮೊಮ್ಮಕ್ಕಳಿಗೂ ಹೇಳುತ್ತೇನೆ. ಆದರೆ ಹೇಳಿದ ಮರುಗಳಿಗೆಯೇ ಬೆನ್ನ ಹಿಂದಿನಿಂದ ಒಂದು ಒರಟು ದನಿ ಬಂದ ಹಾಗಾಗುತ್ತದೆ: ‘ತೊಳಿಬ್ಯಾಡ, ಒಣಗಲಿ.’ ಆ ದನಿಯ ಹೆಂಗಸು ಮಣ್ಣಿಗೆ ಹೋಗಿ ಎಷ್ಟೋ ಕಾಲವಾಯಿತು. ನನ್ನ ಕಿವಿ ಮಾತ್ರ ಇನ್ನೂ ಅವಳಿಗೆ ಹೆದರುತ್ತದೆ.

ಅವಳ ಹೆಸರು ನನಗೆ ಗೊತ್ತಿಲ್ಲ. ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು, ನಾವೂ ಅನ್ನುತ್ತಿದ್ದೆವು. ನಮ್ಮ ಬಳಗದವಳಲ್ಲ, ಯಾರ ಬಳಗವೂ ಅಲ್ಲ. ಗಂಡ ಯಾವಾಗ ಹೋದ, ಮಕ್ಕಳಿದ್ದರೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಮೂಗಿಗೆ ನಶ್ಯ ಏರಿಸಿ ಜೋರಾಗಿ ಸೀನುತ್ತಿದ್ದಳು. ಸೀನಿದ ಮೇಲೆ ಕೇಳಿದವರಿಗೇ ತಾವು ಕೇಳಿದ್ದೇನೆಂಬುದು ಮರೆತುಹೋಗುತ್ತಿತ್ತು.

ಗಜೇಂದ್ರಗಡದಲ್ಲಿ ನಮ್ಮದು ನೇಕಾರರ ಓಣಿ. ಗುಡ್ಡದ ಬುಡಕ್ಕೆ ಅಂಟಿಕೊಂಡ ಮಣ್ಣಿನ ಮಾಳಿಗೆಯ ಮನೆಗಳು, ಮನೆಗೊಂದು ಕುಣಿಮಗ್ಗ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ, ಅವ್ವ ರಾಟಿಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತಿದ್ದಳು. ಇಬ್ಬರಲ್ಲಿ ಒಬ್ಬರು ಎದ್ದರೂ ಇನ್ನೊಬ್ಬರ ಕೆಲಸ ನಿಲ್ಲುತ್ತಿತ್ತು. ಇಂಥ ಮನೆಯಲ್ಲಿ ತೆವಳುವ ಕೂಸು ಇದ್ದರೆ ದೊಡ್ಡ ಫಜೀತಿ. ಮಗ್ಗದ ಮೇಲೆ ಉದ್ದಕ್ಕೆ ಹರಡಿದ ಬಿಳಿ ನೂಲಿನ ಹಾಸಿನ ಮೇಲೆ ಒಂದು ಎಣ್ಣೆಗೈ ತಾಗಿದರೆ ಸೀರೆ ಕೆಟ್ಟಿತೆಂದೇ ಲೆಕ್ಕ. ಅದಕ್ಕೇ ಮೊಲೆ ಬಿಟ್ಟ ಮಕ್ಕಳನ್ನೆಲ್ಲ ಬೆಳಿಗ್ಗೆ ಓಣಿಯ ತುದಿಯ ಆಯಿಯ ಮನೆಗೆ ಬಿಟ್ಟು ಬರುವ ರೂಢಿಯಿತ್ತು. ಬಾಲವಾಡಿ, ಅಂಗನವಾಡಿ ಎಂಬ ಮಾತುಗಳು ನಮ್ಮೂರಿಗೆ ಇನ್ನೂ ಬಂದಿರಲಿಲ್ಲ. ಐವತ್ತರ ದಶಕದ ಮೊದಲ ವರ್ಷಗಳವು. ನಾನೂ ಆ ಅಂಗಳದಲ್ಲೇ ಬೆಳೆದು ಆಗಷ್ಟೇ ಸಾಲೆಗೆ ಹೋಗತೊಡಗಿದ್ದೆ.

ಈಗ ನೆನೆದರೆ ಬೆರಗಾಗುವುದು ಇಲ್ಲಿಯೇ. ಹೊಲಸು ಅಂದರೆ ಬೆಚ್ಚಿಬೀಳುವ ಇಡೀ ಓಣಿ, ತನ್ನ ಮಕ್ಕಳನ್ನು ಊರಿನಲ್ಲೇ ಅತಿ ಹೊಲಸು ಅಂಗಳಕ್ಕೆ ಕಳಿಸುತ್ತಿತ್ತು. ಆಯಿಯ ಹಿತ್ತಲಿನಲ್ಲಿ ಏನಿರಲಿಲ್ಲ ಕೇಳಿ. ಒಂದು ಮೂಲೆಯಲ್ಲಿ ಗುಡ್ಡದ ಕೆಂಪು ಮಣ್ಣು, ಇನ್ನೊಂದು ಮೂಲೆಯಲ್ಲಿ ರೋಣದ ಕಡೆಯಿಂದ ಬರುವ ಚಕ್ಕಡಿಯವರನ್ನು ಕಾಡಿ ತರಿಸಿದ ಕಪ್ಪು ಎರೆ ಮಣ್ಣು. ಒಲೆಯ ಬೂದಿ, ಜೋಳದ ಹೊಟ್ಟು, ಒಡೆದ ಗಡಿಗೆಯ ಚೂರು, ಔಡಲ ಬೀಜ, ನೂಲಿಗೆ ಹಾಕಿ ಮಿಕ್ಕ ಗಂಜಿ. ಮಕ್ಕಳು ಬಂದ ತಕ್ಷಣ ಅಂಗಿ, ಲಂಗ ಎಲ್ಲ ಬಿಚ್ಚಿಸಿ ಗೂಟಕ್ಕೆ ಹಾಕುತ್ತಿದ್ದಳು. ಆಮೇಲೆ ಸಂಜೆಯವರೆಗೆ ಮೈಮೇಲೆ ಉಡಿದಾರ ಒಂದೇ. ಮಣ್ಣು ಕಲಸುವವರು ಕಲಸುತ್ತಿದ್ದರು, ತುಳಿಯುವವರು ತುಳಿಯುತ್ತಿದ್ದರು, ಗಂಜಿಯನ್ನು ಹೊಟ್ಟೆಗೆ ಬಳಿದುಕೊಂಡು ಗೋಡೆಗೆ ಹೊಟ್ಟೆ ಒತ್ತುವವರು ಒತ್ತುತ್ತಿದ್ದರು. ಆ ಗೋಡೆಯನ್ನು ಅದಕ್ಕೆಂದೇ ಬಿಟ್ಟುಕೊಟ್ಟಿದ್ದಳು. ಮಿಕ್ಕ ಗೋಡೆ ಮುಟ್ಟಿದರೆ ಮಾತ್ರ ಓಣಿಯ ಆ ತುದಿಗೂ ಕೇಳುವ ಹಾಗೆ ಬೈಗುಳ.

ಅಂಗಳದ ನಡುವೆ ಹಳೆಯ ತೊಲೆಯೊಂದು ಅಡ್ಡ ಬಿದ್ದಿತ್ತು. ಅದರ ಆಚೆ ಮಣ್ಣು, ಈಚೆ ರೊಟ್ಟಿ. ಮಣ್ಣಿನ ಕೈ ತೊಲೆ ದಾಟುವಂತಿಲ್ಲ, ರೊಟ್ಟಿಯ ಚೂರು ತೊಲೆ ದಾಟುವಂತಿಲ್ಲ. ಮಾತು ಬಾರದ ಕೂಸುಗಳೂ ಈ ಕಾಯಿದೆಯನ್ನು ಪಾಲಿಸುತ್ತಿದ್ದವು. ಹೇಗೆ ಕಲಿಸಿದಳೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ನನ್ನ ಮೊಮ್ಮಗನಿಗೆ ಊಟದ ತಟ್ಟೆಯ ಅಂಚು ಯಾವುದೆಂದು ಕಲಿಸುವಷ್ಟರಲ್ಲಿ ನನಗೆ ಸಾಕು ಸಾಕಾಗಿದೆ.

ನಮ್ಮೂರಿನಲ್ಲಿ ನೀರಿಗೆ ಬರ. ಸಿಹಿನೀರು ಬೇಕೆಂದರೆ ದೂರದ ಬಾವಿಗೆ ಹೋಗಬೇಕು. ಅಷ್ಟು ಮಕ್ಕಳನ್ನು ತೊಳೆಯಲು ನೀರು ಎಲ್ಲಿಂದ ಬರಬೇಕು? ಆಯಿ ತೊಳೆಯುತ್ತಲೇ ಇರಲಿಲ್ಲ. ಬಿಸಿಲು ಇಳಿಯುವ ಮೊದಲು ಆಟ ನಿಲ್ಲಿಸಿ, ಎಲ್ಲರನ್ನೂ ತೊಲೆಯ ಮೇಲೆ ಪಡುವಣಕ್ಕೆ ಮುಖ ಮಾಡಿಸಿ ಕೂರಿಸುತ್ತಿದ್ದಳು. ಹಸಿ ಮಣ್ಣನ್ನು ಒರೆಸಿದರೆ ಅದು ಮೈಗೆಲ್ಲ ಹರಡುತ್ತದೆ, ಒಣಗಲು ಬಿಟ್ಟರೆ ಬಿರಿದು ತಾನೇ ಉದುರುತ್ತದೆ ಎಂಬುದು ಅವಳ ಪಾಠ. ನಾವು ಕೈ ಚಾಚಿ ಕೂರುತ್ತಿದ್ದೆವು. ಚರ್ಮ ಜಗ್ಗಿದ ಹಾಗಾಗುತ್ತಿತ್ತು, ಕೆರೆಯುತ್ತಿತ್ತು. ಕೆರೆದುಕೊಳ್ಳಲು ಹೋದರೆ ಮೊಣಕೈಗೆ ಒಂದು ಏಟು. ‘ಒಣಗಲಿ ಅಂದ್ನಿಲ್ಲೋ. ನಿಂಗೇನ್ ಲಗೂ ಲಗ್ನಕ್ಕ ಹೋಗೂದೈತೇನು?’ ಮಣ್ಣು ಉದುರಿದ ಮೇಲೆ ಕಡಲೆಯ ಹೊಟ್ಟಿನಿಂದ ಮೈ ತಿಕ್ಕಿ, ಕೊನೆಗೆ ತಂಬಿಗೆ ಓರೆ ಮಾಡಿ ಕೈಮೇಲೆ ಇಷ್ಟೇ ಇಷ್ಟು ನೀರು ಬಿಡುತ್ತಿದ್ದಳು.

ಅದಾದ ಮೇಲೆ ಒಂದು ಪರೀಕ್ಷೆ. ಒಬ್ಬೊಬ್ಬರ ಅಂಗೈಯನ್ನೂ ಹಿಡಿದು ಮೂಗಿಗೆ ಒತ್ತಿಕೊಂಡು ಮೂಸುತ್ತಿದ್ದಳು. ನಶ್ಯ ಏರಿಸಿ ಏರಿಸಿ ಸತ್ತುಹೋದ ಮೂಗು, ಅದಕ್ಕೆ ಏನು ವಾಸನೆ ತಿಳಿಯುತ್ತಿತ್ತೋ ದೇವರೇ ಬಲ್ಲ. ಮೂಸಿದ ಮೇಲೆ, ‘ಹೂಂ. ಇನ್ನ ಮಗ್ಗದ ಮನಿಗೆ ಹೋಗಾಕ ಬರತೈತಿ’ ಎಂದು ಅಂಗೈಯ ಮೇಲೆ ಒಂದು ತಟ್ಟು. ಆ ಮಾತು ಕೇಳಿದ ಮೇಲಷ್ಟೇ ನಾವು ಮನೆಗೆ ಓಡುತ್ತಿದ್ದೆವು. ಅವಳು ಮೂಸಿ ಬಿಟ್ಟ ಕೈಯಿಂದ ಯಾರ ಮನೆಯ ಹಾಸೂ ಕೆಟ್ಟದ್ದಿಲ್ಲ. ಅದಕ್ಕೇ ಓಣಿ ಅವಳ ಹೊಲಸು ಅಂಗಳವನ್ನು ಅಷ್ಟು ನಂಬಿತ್ತು. ಮಧ್ಯಾಹ್ನಕ್ಕೆ ಒಂದೊಂದು ಮನೆಯಿಂದ ರೊಟ್ಟಿ ಪಲ್ಯ ಬರುತ್ತಿತ್ತು, ದೀಪಾವಳಿಗೆ ಎಲ್ಲರೂ ಸೇರಿ ಒಂದು ಸೀರೆ ಕೊಡುತ್ತಿದ್ದರು.

ಅವಳು ಸಾಧ್ವಿಯೇನಲ್ಲ. ಬಾಯಿ ಬಲು ಹರಕು. ಮಕ್ಕಳಿಗಿಂತ ತಾಯಂದಿರನ್ನು ಹೆಚ್ಚು ಬೈಯುತ್ತಿದ್ದಳು. ಬಜಾರದ ಅಂಗಡಿಕಾರರ ಸೊಸೆಯೊಬ್ಬಳು, ನೇಕಾರಳಲ್ಲ, ಒಮ್ಮೆ ತನ್ನ ಮಗನನ್ನು ಕರೆತಂದಳು. ಹುಡುಗನಿಗೆ ಕಣ್ಣಿಗೆ ಕಾಡಿಗೆ, ಮೈಗೆ ಜರಿ ಅಂಗಿ.

‘ನಮ್ಮ ಹುಡುಗ ಭಾಳ ನಾಜೂಕ್ರಿ ಆಯಿ. ಮಣ್ಣಾಗ ಬಿಡಬ್ಯಾಡ್ರಿ, ಒಂದ್ ಕಡೆ ಕೂಡಸ್ರಿ ಸಾಕು’ ಎಂದಳು.

ಆಯಿ ಹುಡುಗನನ್ನು ಮೇಲಿಂದ ಕೆಳಗೆ ನೋಡಿದಳು. ‘ಹಂಗಾದ್ರ ಇಲ್ಲಿಗ್ಯಾಕ ತಂದ್ರಿ? ಮನ್ಯಾಗ ದೇವರ ಮಾಡದಾಗ ಕೂಡಸ್ರಿ. ಎರಡ್ ಊದಿನಕಡ್ಡಿ ಹಚ್ಚರಿ, ಹೂವ ಏರಸ್ರಿ. ಅಲ್ಲೇ ಇರತಾನ.’

ಸೊಸೆ ಮುಖ ಊದಿಸಿಕೊಂಡು ಹೋದಳು. ಮುಂದಿನ ವಾರ ಹುಡುಗನೇ ಮನೆಯಿಂದ ತಪ್ಪಿಸಿಕೊಂಡು ಬಂದು, ಜರಿ ಅಂಗಿಯನ್ನು ತಾನೇ ಬಿಚ್ಚಿ ಗೂಟಕ್ಕೆ ಹಾಕಿ ಕೆಸರಿಗೆ ಇಳಿದಿದ್ದ. ಅವನನ್ನು ಹುಡುಕುತ್ತ ಬಂದ ತಾಯಿಗೆ ಆಯಿ ತೊಲೆಯ ಮೇಲೆ ಜಾಗ ತೋರಿಸಿ ಕೂರಲು ಹೇಳಿದಳು.

ಬಣ್ಣ ಮಾತ್ರ ಅವಳ ಅಂಗಳಕ್ಕೆ ಬರುವಂತಿರಲಿಲ್ಲ. ನೂಲಿಗೆ ಬಣ್ಣ ಹಾಕುವ ಮನೆಯ ಹುಡುಗಿ ಒಮ್ಮೆ ಕರಟದಲ್ಲಿ ನೀಲಿ ನೀರು ತಂದಿದ್ದಳು. ಆಯಿ ಕಸಿದುಕೊಂಡು ತಿಪ್ಪೆಗೆ ಚೆಲ್ಲಿದಳು. ‘ಇದು ಹೋಗೂದಿಲ್ಲ. ಹೋಗೂವಂಥಾ ಹೊಲಸು ಎಷ್ಟ್ ಬೇಕಾದ್ರೂ ಆಡ್ರಿ. ಹೋಗಲಾರದ್ದು ಬ್ಯಾಡ.’

ಇಷ್ಟೇ ಆಗಿದ್ದರೆ ಅವಳನ್ನು ಒಬ್ಬ ಗಟ್ಟಿಗಿತ್ತಿ ಎಂದು ನೆನೆಯುತ್ತಿದ್ದೆ. ನಾನು ಅವಳಿಗೆ ಮನಸ್ಸಿನಲ್ಲೇ ಕೈಮುಗಿಯುವುದು ನನ್ನ ತಮ್ಮ ಬಸುವಿನಿಂದಾಗಿ.

ಬಸು ಇನ್ನೂ ಮೊಲೆಗೂಸಾಗಿದ್ದಾಗ ಒಂದು ಅನಾಹುತ ಮಾಡಿದ. ಅವ್ವ ನೀರಿಗೆ ಹೋದ ಹೊತ್ತಿನಲ್ಲಿ ದೀಪದ ಹಣತೆಗೆ ಕೈಯಿಟ್ಟು, ಎಣ್ಣೆ ಮಸಿಯ ಅಂಗೈಯನ್ನು ತೆಗೆದುಕೊಂಡು ಹೋಗಿ ನೇರವಾಗಿ ಹಾಸಿನ ಮೇಲೆ ಊರಿದ. ಅದು ಒಂದು ಮದುವೆಗೆಂದು ಮಾತಾಗಿದ್ದ ಬಿಳಿ ಸೀರೆ. ಅಪ್ಪ ಹೊಡೆಯಲಿಲ್ಲ, ಕುಣಿಯಿಂದ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಅವ್ವ ಹಳೆ ಸೀರೆಯ ಅಂಚು ಹರಿದು ಬಸುವಿನ ನಡುವಿಗೆ ಕಟ್ಟಿ, ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದಳು. ಇದೇನು ಕ್ರೌರ್ಯವಲ್ಲ, ಮಗ್ಗದ ಮನೆಗಳಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಆದರೆ ಅವ್ವ ಅಲ್ಲಿಗೇ ನಿಲ್ಲಿಸಲಿಲ್ಲ. ಬಸು ಯಾವುದಕ್ಕೆ ಕೈ ಚಾಚಿದರೂ ರಾಟಿ ಬಿಡದೆಯೇ ‘ಛೀ, ಹೊಲಸ ಕೈ’ ಎನ್ನುತ್ತಿದ್ದಳು. ಹತ್ತಿರವಿದ್ದರೆ ಕಂಡಿಕೆಯ ಕಡ್ಡಿಯಿಂದ ಬೆರಳ ಮೇಲೆ ಮೆಲ್ಲಗೆ ಒಂದು ತಟ್ಟು. ನೋವಾಗುವಷ್ಟಲ್ಲ, ತಿಳಿಯುವಷ್ಟು.

ಅವನಿಗೆ ತಿಳಿಯಿತು. ಬಲು ಚೆನ್ನಾಗಿ ತಿಳಿಯಿತು. ಅವನು ಎರಡೂ ಕೈಯನ್ನು ಮುಷ್ಟಿ ಮಾಡಿಕೊಂಡ. ಮೊದಮೊದಲು ನಾವು ಲಕ್ಷ್ಯ ಕೊಡಲಿಲ್ಲ. ಮಾತು ಬಂತು, ನಡಿಗೆ ಬಂತು, ಮುಷ್ಟಿ ಮಾತ್ರ ಬಿಚ್ಚಲಿಲ್ಲ. ರೊಟ್ಟಿ ಕೊಟ್ಟರೆ ತೆಗೆದುಕೊಳ್ಳದೆ ಬಾಯಿ ತೆರೆಯುತ್ತಿದ್ದ. ಬಿದ್ದರೆ ಮುಷ್ಟಿಯನ್ನೇ ಊರಿ ಏಳುತ್ತಿದ್ದ. ನಿದ್ದೆಯಲ್ಲಿ ಬೆರಳು ಸಡಿಲಾಗುತ್ತಿದ್ದವು, ಎಚ್ಚರವಾದೊಡನೆ ಮತ್ತೆ ಮುಚ್ಚುತ್ತಿದ್ದವು. ಬಲವಂತವಾಗಿ ಬಿಚ್ಚಿಸಲು ಹೋದರೆ ಉಸಿರು ಕಟ್ಟುವಂತೆ ಅಳುತ್ತಿದ್ದ. ಔಷಧ ಕೊಡುವವರು ನೋಡಿ ಎಲುಬು, ನರ ಎಲ್ಲ ನೆಟ್ಟಗಿವೆ ಎಂದರು. ಅಪ್ಪ ಮಾತು ಕಡಿಮೆಯ ಮನುಷ್ಯ. ಒಂದು ದಿನ ಊಟ ಮಾಡುತ್ತ, ಯಾರನ್ನೂ ನೋಡದೆ, ‘ಮುಷ್ಟಿ ಹಿಡದ ಕೂಸು ನಾಳೆ ಲಾಳಿ ಹ್ಯಾಂಗ ಹಿಡೀತೈತಿ?’ ಎಂದ. ಅವ್ವ ಅವತ್ತು ಉಣ್ಣಲಿಲ್ಲ. ಮಗ್ಗ ಬಿಟ್ಟರೆ ನಮ್ಮ ಮನೆಗೆ ಬೇರೆ ಬದುಕಿರಲಿಲ್ಲ.

ಮೊಲೆ ಬಿಟ್ಟ ಮೇಲೂ ಮನೆಯಲ್ಲೇ ಕಟ್ಟಿಕೊಂಡಿದ್ದ ಬಸುವನ್ನು ಮರುದಿನ ಅವ್ವ ಎತ್ತಿಕೊಂಡು ಆಯಿಯ ಮನೆಗೆ ಹೋದಳು. ನಾನೂ ಸೆರಗು ಹಿಡಿದು ಹೋದೆ.

‘ಇಂವ ಕೈ ಬಿಚ್ಚವಲ್ಲ ನೋಡ್ರಿ ಆಯಿ. ಎಣ್ಣಿ ಹಚ್ಚಿ ತಿಕ್ಕಿದ್ವಿ, ದೇವರಿಗೆ ಹರಕಿ ಹೊತ್ವಿ. ಏನೂ ಆಗಲಿಲ್ಲ.’

‘ಯಾರ್ ಮುಚ್ಚಸಿದ್ರು?’

ಅವ್ವ ಬಸುವನ್ನು ಒಂದು ಬಗಲಿನಿಂದ ಇನ್ನೊಂದು ಬಗಲಿಗೆ ಬದಲಿಸಿದಳು. ‘ನಾನ ಮುಚ್ಚಸಿದ್ನಿ’ ಎಂದಳು.

ಇಂಥಲ್ಲಿ ಬೈಗುಳ ಬರಬೇಕಿತ್ತು. ನಾನು ಕಿವಿ ಮುಚ್ಚಿಕೊಳ್ಳಲು ತಯಾರಾಗಿದ್ದೆ. ಆಯಿ ಬೈಯಲಿಲ್ಲ. ‘ಹೂಂ. ಬಿಟ್ ಹೋಗು. ನಿನ್ನ ರಾಟಿ ಕಾಯಾಕ ಹತ್ತೈತಿ’ ಎಂದಳು ಅಷ್ಟೆ.

ಅವಳು ಅವನ ಮುಷ್ಟಿಯ ಕಡೆ ನೋಡಲೇ ಇಲ್ಲ. ಮೊದಲು ತೊಲೆಯ ಮೇಲೆ ಕೂರಿಸಿದಳು, ಆಚೆಯೂ ಇಲ್ಲ ಈಚೆಯೂ ಇಲ್ಲ. ಕೆಲವು ದಿನ ಹಾಗೆಯೇ ಕೂತ. ಆಮೇಲೆ ಕೆಸರು ತುಳಿಯುವ ಕೆಲಸ ಕೊಟ್ಟಳು. ಅವನ ಕಾಲಿಗೆ ಆ ಹೆದರಿಕೆ ಇರಲಿಲ್ಲ, ಯಾರೂ ಕಾಲನ್ನು ಹೊಲಸು ಅಂದಿರಲಿಲ್ಲವಲ್ಲ. ಮುಷ್ಟಿಗಳನ್ನು ಎದೆಗೆ ಒತ್ತಿಕೊಂಡು ಪಚಪಚ ತುಳಿಯುತ್ತಿದ್ದ. ಮುಂಗಾರಿನ ಹೊತ್ತಿಗೆ ಅವನಿಗಿಂತ ಚೆನ್ನಾಗಿ ಮಣ್ಣು ಹದ ಮಾಡುವವರು ಆ ಅಂಗಳದಲ್ಲಿ ಯಾರೂ ಇರಲಿಲ್ಲ. ಆದರೆ ಕೈ ಹಾಗೆಯೇ ಇತ್ತು. ಸಂಜೆ ಅವ್ವ ಬಾಗಿಲಲ್ಲಿ ನಿಂತು ದೂರದಿಂದಲೇ ಅವನ ಕೈ ನೋಡುತ್ತಿದ್ದಳು, ಆಮೇಲೆ ಮುಖ ತಿರುಗಿಸಿ ರಾಟಿಗೆ ಹೋಗುತ್ತಿದ್ದಳು.

ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಕಡೆ ಎರೆ ಮಣ್ಣಿನ ಜೋಡೆತ್ತು ಮಾಡಿ ಪೂಜೆ ಮಾಡುತ್ತಾರೆ. ದೊಡ್ಡವರು ಕೊಂಡು ತರುತ್ತಾರೆ, ಆಯಿಯ ಮನೆಯಲ್ಲಿ ಮಾತ್ರ ಮಕ್ಕಳು ಮಾಡಿದ ಎತ್ತುಗಳಿಗೇ ಪೂಜೆ. ಕೊಂಬಿಲ್ಲದವು, ಕತ್ತೆಯಂಥವು, ಕೆಲವಕ್ಕೆ ಮುಂದು ಯಾವುದು ಹಿಂದು ಯಾವುದು ತಿಳಿಯದು, ಎಲ್ಲಕ್ಕೂ ಕುಸುಬಿಯ ಕಾಳು ಒತ್ತಿ ಕಣ್ಣು ಮಾಡಿ ಸಾಲಾಗಿ ಇಡುತ್ತಿದ್ದಳು. ಆ ವರ್ಷ ಹಬ್ಬದ ಮುಂಚಿನ ದಿನ ಮಾಸ್ತರರು ಏನೋ ಕೆಲಸಕ್ಕೆ ರೋಣಕ್ಕೆ ಹೋಗಿದ್ದರಿಂದ ನನಗೆ ಸಾಲೆ ಇರಲಿಲ್ಲ. ನಾನು ಅಲ್ಲೇ ಇದ್ದೆ. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ.

ಎಲ್ಲರೂ ಎತ್ತು ಮಾಡುತ್ತಿದ್ದರು. ಬಸು ತುಳಿದು ಮುಗಿಸಿ ತೊಲೆಯ ಮೇಲೆ ಕೂತು ನೋಡುತ್ತಿದ್ದ. ಆಯಿ ಒಂದು ಮುದ್ದೆ ಹದವಾದ ಎರೆ ಮಣ್ಣು ತೆಗೆದುಕೊಂಡು ಬಂದು ಅವನ ಪಕ್ಕ ಕೂತಳು. ತನ್ನ ಎಡಗೈಯನ್ನು ಮುಷ್ಟಿ ಮಾಡಿ, ಅದರ ಮೇಲೆ ಬಲಗೈಯಿಂದ ಮಣ್ಣು ಬಳಿದುಕೊಂಡಳು. ಬೆರಳ ಸಂದಿ ಕಾಣದ ಹಾಗೆ, ಗೋಡೆಗೆ ಗಿಲಾವು ಮಾಡಿದ ಹಾಗೆ ಬಳಿದಳು. ಬಸು ಅದನ್ನೇ ನೋಡಿದ.

‘ನಿಂಗೂ ಬೇಕೇನೋ ಯಪ್ಪಾ?’

ಅವನು ಎಷ್ಟೋ ಹೊತ್ತಾದ ಮೇಲೆ ಒಂದು ಮುಷ್ಟಿಯನ್ನು ಎದೆಯಿಂದ ಸ್ವಲ್ಪ ಮುಂದೆ ತಂದ. ಆಯಿ ಅವನ ಬೆರಳನ್ನು ಬಿಚ್ಚಿಸಲಿಲ್ಲ. ಮುಚ್ಚಿದ ಮುಷ್ಟಿಯ ಮೇಲೆಯೇ ಮಣ್ಣು ಬಳಿದಳು. ಆಮೇಲೆ ಇನ್ನೊಂದು. ಬಸು ಅಳಲಿಲ್ಲ. ಯಾಕೆ ಅಳಲಿಲ್ಲವೆಂದು ಈಗ ನನಗೆ ತಿಳಿಯುತ್ತದೆ. ಒಳಗಿನ ಅಂಗೈಯನ್ನು ಯಾರೂ ಮುಟ್ಟಿರಲಿಲ್ಲ.

‘ಇನ್ ಒಣಗಲಿ’ ಎಂದು ಆಯಿ ಬಿಸಿಲಿಗೆ ಕೈ ಚಾಚಿದಳು. ಅವನೂ ಚಾಚಿದ. ಮುದುಕಿಯೊಬ್ಬಳು, ಹುಡುಗನೊಬ್ಬ, ಮಣ್ಣಿನ ಉಂಡೆಗಳಾದ ಮುಷ್ಟಿಗಳನ್ನು ಬಿಸಿಲಿಗೆ ಹಿಡಿದು ಕೂತರು. ಮೋಡ ಬಂತು, ಹೋಯಿತು. ಮಕ್ಕಳು ಎತ್ತು ಬಿಟ್ಟು ಒಬ್ಬೊಬ್ಬರಾಗಿ ಬಂದು ಮುಂದೆ ನಿಂತರು. ಎರೆ ಮಣ್ಣು ಒಣಗುತ್ತ ಬಿಗಿಯುತ್ತದೆ, ಹೊಲದಲ್ಲಿ ಬಿರುಕು ಬಿಡುವುದು ಅದಕ್ಕೇ. ಬಸುವಿನ ಮುಷ್ಟಿಯ ಮೇಲಿನ ಮಣ್ಣು ಕಪ್ಪಿನಿಂದ ಬೂದು ಬಣ್ಣಕ್ಕೆ ತಿರುಗಿತು. ಕೆರೆತ ಶುರುವಾಗಿರಬೇಕು, ಅವನು ಭುಜ ಕೊಂಕಿಸತೊಡಗಿದ. ಕೆರೆದುಕೊಳ್ಳಲು ಇನ್ನೊಂದು ಕೈಗೂ ಬೆರಳಿಲ್ಲ, ಅದೂ ಮಣ್ಣೊಳಗೆ. ಆಯಿಯನ್ನು ನೋಡಿದ. ಆಯಿ ಅವನನ್ನು ನೋಡದೆ ತನ್ನ ಮುಷ್ಟಿಯನ್ನು ಒಳಗಿನಿಂದಲೇ ಮೆಲ್ಲಗೆ ಉಬ್ಬಿಸಿದಳು. ಟಪ್ ಎಂದು ಒಂದು ಬಿರುಕು ಬಿತ್ತು.

ಬಸು ನೋಡಿದ. ತಾನೂ ಉಬ್ಬಿಸಿದ. ಒಂದು ಬಿರುಕು. ಮತ್ತೆ ಉಬ್ಬಿಸಿದ. ಮಣ್ಣಿನ ಹಕ್ಕಳೆಯೊಂದು ತೊಲೆಯ ಮೇಲೆ ಬಿತ್ತು. ಅವನ ಬಾಯಿಂದ ನಗು ಬಂತು, ಅವನ ನಗು ಎಷ್ಟು ದೊಡ್ಡದೆಂದು ನಮಗೆ ಅವತ್ತು ಗೊತ್ತಾಯಿತು. ಆ ನಗುವಿನ ರಭಸಕ್ಕೆ ಎರಡೂ ಮುಷ್ಟಿ ಒಮ್ಮೆಲೇ ಬಿಚ್ಚಿಕೊಂಡು ಮಣ್ಣೆಲ್ಲ ಚಿಪ್ಪು ಚಿಪ್ಪಾಗಿ ಉದುರಿತು. ಐದು ಬೆರಳು ಈ ಕೈಗೆ, ಐದು ಬೆರಳು ಆ ಕೈಗೆ. ಅಂಗೈ ಬೆಳ್ಳಗೆ, ಮೆತ್ತಗೆ, ಹುಟ್ಟಿದ ದಿನದ ಹಾಗೆ ಇತ್ತು.  

ಆಯಿ ಅವನ ಅಂಗೈ ಹಿಡಿದು ಅವನಿಗೇ ತೋರಿಸಿದಳು. ‘ನೋಡಿದೇನು? ಹೊರಗಷ್ಟ ಹೊಲಸು. ಒಳಗ ಚೊಕ್ಕ ಐತಿ.’ ಆಮೇಲೆ ಉಳಿದ ಮಕ್ಕಳ ಕಡೆ ತಿರುಗಿ, ‘ನೀವೇನ್ ಬಾಯಿ ತಕ್ಕೊಂಡು ನಿಂತೀರಿ? ನಿಮ್ಮ ಎತ್ತಿನ ಕಾಲು ಮುರದು ಬಿದ್ದಾವು, ನಡೀರಿ’ ಎಂದು ಗದರಿದಳು. ಬಸು ಅವತ್ತು ಎತ್ತು ಮಾಡಲಿಲ್ಲ. ಮಣ್ಣಿನ ಮುದ್ದೆಯನ್ನು ಹಿಸುಕಿದ, ಬಿಟ್ಟ, ಹಿಸುಕಿದ. ಆ ಹಿಸುಕಿದ ಮುದ್ದೆಗೂ ಮರುದಿನ ಕಣ್ಣು ಒತ್ತಿ ಪೂಜೆಯಾಯಿತು.

ಸಂಜೆ ನಾನು ಅವನನ್ನು ಮನೆಗೆ ಕರೆತಂದೆ. ಅವನು ನೇರವಾಗಿ ಮಗ್ಗದ ಹತ್ತಿರ ಹೋದ. ಅವ್ವನ ಬಾಯಿಗೆ ‘ಛೀ’ ಬಂದೇಬಿಟ್ಟಿತ್ತು, ಅಪ್ಪ ಕೈ ಎತ್ತಿ ತಡೆದ. ಬಸು ಬಿಚ್ಚಿದ ಅಂಗೈಯನ್ನು ನೆಯ್ದ ಬಟ್ಟೆಯ ಮೇಲೆ ಊರಿದ. ತೆಗೆದು, ಬಗ್ಗಿ, ಗುರುತು ಬಿದ್ದಿದೆಯೇ ಎಂದು ನೋಡಿದ. ಬಿದ್ದಿರಲಿಲ್ಲ. ಅಪ್ಪನ ಮುಖ ನೋಡಿದ. ಅಪ್ಪ ಮತ್ತೆ ನೇಯತೊಡಗಿದ, ಆದರೆ ಮಗ್ಗದ ಸಪ್ಪಳ ಅವತ್ತು ತುಂಬ ಹೊತ್ತು ತಾಳ ತಪ್ಪಿತ್ತು. ಅವ್ವ ಕಂಬದ ಸೀರೆಯಂಚನ್ನು ಬಿಚ್ಚಿದಳು. ಬೆಳಿಗ್ಗೆ ಅದನ್ನು ಆಯಿಗೆ ಕೊಟ್ಟಳು. ಆಯಿ ಅದನ್ನು ಮಣ್ಣು ಸೋಸಲು ಇಟ್ಟುಕೊಂಡಳು.

ಆಮೇಲೆ ಎಷ್ಟೋ ಮಕ್ಕಳು ಆ ಅಂಗಳಕ್ಕೆ ಬಂದರು, ಹೋದರು. ಬಸು ಸಾಲೆಗೆ ಹೋದ, ಸಾಲೆ ಬಿಟ್ಟ, ಅಪ್ಪನ ಪಕ್ಕ ಕುಣಿಯಲ್ಲಿ ಕಾಲಿಳಿಸಿ ಕೂರುವಷ್ಟು ಉದ್ದವಾದ. ಅವನು ಮೊದಲ ಸೀರೆ ನೇಯುತ್ತಿದ್ದ ಚಳಿಗಾಲದಲ್ಲಿ ಆಯಿ ತೀರಿಕೊಂಡಳು. ಬೆಳಿಗ್ಗೆ ಮಕ್ಕಳನ್ನು ಬಿಡಲು ಹೋದವರು ನೋಡಿದಾಗ ತೊಲೆಯ ತುದಿಯಲ್ಲಿ ಬಿಸಿಲು ಕಾಯುತ್ತ ಕೂತವಳು ಪಕ್ಕದ ಗೋಡೆಗೆ ಒರಗಿದ್ದಳಂತೆ. ನಶ್ಯದ ಡಬ್ಬಿ ಕೈಯಲ್ಲೇ ಇತ್ತಂತೆ.

ಅವತ್ತು ಓಣಿಯಲ್ಲಿ ಒಂದು ಮಗ್ಗವೂ ಸದ್ದು ಮಾಡಲಿಲ್ಲ. ಅವಳ ಮಕ್ಕಳೆಂದರೆ ನಾವೇ ತಾನೇ. ದೊಡ್ಡವರ ಹಿಂದೆ ಹೋದೆವು. ಸಮಾಧಿಯ ಕುಣಿಯಲ್ಲಿ ಅವಳನ್ನು ಕೂರಿಸಿ, ವಿಭೂತಿ ಇಟ್ಟು, ಪತ್ರಿ ಹಾಕಿದ ಮೇಲೆ ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿದರು. ಅವತ್ತೇ ನೀರು ಹೊಡೆದು ಅಗೆದಿದ್ದ ಮಣ್ಣು, ಇನ್ನೂ ಹಸಿ. ಬಸು ಎರಡೂ ಕೈಯಿಂದ ಬಾಚಿ ಹಾಕಿದ, ಮತ್ತೆ ಬಾಚಿ ಹಾಕಿದ, ಯಾರೋ ಭುಜ ಹಿಡಿದು ಸರಿಸುವವರೆಗೂ ಹಾಕುತ್ತಲೇ ಇದ್ದ. ಎಲ್ಲರೂ ಬಾವಿಗೆ ಹೋಗಿ ಕೈಕಾಲು ತೊಳೆದುಕೊಂಡರು. ಬಸು ಹೋಗಲಿಲ್ಲ.

ಮನೆಯ ಬಾಗಿಲಲ್ಲಿ ಅವ್ವ ನೀರು ತುಂಬಿದ ಕೊಡ ಇಟ್ಟುಕೊಂಡು ನಿಂತಿದ್ದಳು. ಮಣ್ಣು ಕೊಟ್ಟು ಬಂದವರು ಮೈಮೇಲೆ ನೀರು ಹಾಕಿಕೊಳ್ಳದೆ ಒಳಗೆ ಬರಬಾರದು, ಅದರಲ್ಲೂ ಮಗ್ಗದ ಮನೆಗೆ. ‘ಬಾ, ನೀರ್ ಹಾಕತೀನಿ’ ಎಂದು ತಂಬಿಗೆ ತುಂಬಿದಳು.

‘ಬ್ಯಾಡಬೇ. ಒಣಗಲಿ’ ಎಂದ ಬಸು.

ಕಟ್ಟೆಯ ಮೇಲೆ ಬಿಸಿಲಿತ್ತು. ಅವನು ಪಡುವಣಕ್ಕೆ ಮುಖ ಮಾಡಿ ಕೂತು ಕೈ ಚಾಚಿದ. ಅವ್ವ ತಂಬಿಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅದನ್ನು ಕೆಳಗಿಟ್ಟು ಅವನ ಪಕ್ಕ ಕೂತಳು.  ಮಣ್ಣು ಬಿಗಿಯಿತು, ಬೂದು ಬಣ್ಣಕ್ಕೆ ತಿರುಗಿತು, ಬಿರಿಯಿತು. ಬಸು ಮುಷ್ಟಿ ಕಟ್ಟಿದ, ಬಿಚ್ಚಿದ. ಚೂರು ಚೂರಾಗಿ ಉದುರಿತು. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಒಂದು ಕಾಲಕ್ಕೆ ಅದೇ ಬೆರಳುಗಳ ಮೇಲೆ ಕಡ್ಡಿಯಿಂದ ತಟ್ಟಿದ್ದ ನನ್ನ ಅವ್ವ, ಅವನ ಅಂಗೈಯನ್ನು ಎರಡೂ ಕೈಯಿಂದ ಹಿಡಿದು ಮೂಗಿಗೆ ಒತ್ತಿಕೊಂಡಳು. ಬಹಳ ಹೊತ್ತು ಹಾಗೆಯೇ ಹಿಡಿದಿದ್ದಳು.

‘ಹೂಂ’ ಎಂದಳು ಕೊನೆಗೆ. ‘ಇನ್ನ ಮಗ್ಗದ ಮನಿಗೆ ಹೋಗಾಕ ಬರತೈತಿ.’